ಮಗಳಿಗೊಂದು ಪತ್ರ: ಜುಲೈನಲ್ಲಿ ಬರುವ ನೆಂಟರಿಗೆ

ಚಿತ್ರದುರ್ಗ
ಭಾನುವಾರ ಬೆಳಿಗ್ಗೆ

ಪುಟ್ಟಿ,

ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ನಿನ್ನ ಆಫೀಸಿನ ನಾಲ್ಕು ಜನ ಜುಲೈನಲ್ಲಿ ಇಂಡಿಯಾ ನೋಡಲು ಬರುತ್ತಾರಂತೆ. ಹದಿನೈದು ದಿನ ರಜೆಯಂತೆ. "ಅಪ್ಪಾ, ಲಾರಿಯಲ್ಲಿ ಎಲ್ಲಾ ಕಡೆ ತಿರುಗಿದ್ದೀಯಲ್ಲ, ನಮ್ಮ ದೇಶ ಹೇಗಿದೆ ಅಂತ ನಾಲ್ಕು ಸಾಲು ಬರೆದು ಕಳಿಸು" ಅಂದಿದ್ದೀಯ. ನಾಲ್ಕು ಸಾಲಿಗೆ ಮುಗಿಯುವ ದೇಶವಾಗಿದ್ದರೆ ನಾನು ಇಪ್ಪತ್ತಾರು ವರ್ಷ ಸ್ಟೀರಿಂಗ್ ಹಿಡಿಯಬೇಕಿತ್ತಾ? ಫೋನಲ್ಲಿ ಹೇಳಲು ಹೋದರೆ ನಿಮ್ಮಮ್ಮ ಮಧ್ಯೆ ಬಾಯಿ ಹಾಕುತ್ತಾಳೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅವರ ಪಟ್ಟಿ ನೋಡಿ ನಗು ಬಂತು. ಕಾಶ್ಮೀರ, ತಾಜ್ ಮಹಲ್, ಜೈಸಲ್ಮೇರ್, ಕೇರಳ, ಕನ್ಯಾಕುಮಾರಿ. ಎಲ್ಲಾ ಹದಿನೈದೇ ದಿನದಲ್ಲಿ! ಶ್ರೀನಗರದಿಂದ ಕನ್ಯಾಕುಮಾರಿಗೆ 44ನೇ ಹೆದ್ದಾರಿಯಲ್ಲಿ ಸುಮಾರು 3,700 ಕಿ.ಮೀ. ನಮ್ಮ ಕಾಲದ ಲೋಡ್ ಲಾರಿ ದಿನಕ್ಕೆ 350 ಕಿ.ಮೀ. ಓಡಿದರೆ ಜಾಸ್ತಿ. ಲೆಕ್ಕ ನೀನೇ ಹಾಕು. ನೀನಿರುವ ಜರ್ಮನಿಯಂಥವು ಒಂಬತ್ತು ಸೇರಿದರೆ ನಮ್ಮ ದೇಶ. ನಮ್ಮ ಕರ್ನಾಟಕ ಒಂದೇ ಜರ್ಮನಿಯ ಅರ್ಧಕ್ಕಿಂತ ದೊಡ್ಡದು. ಇದನ್ನು ಅವರಿಗೆ ಮೊದಲು ಹೇಳು, ಪಟ್ಟಿ ತಾನೇ ಸಣ್ಣದಾಗುತ್ತದೆ.

ಆದರೆ ದೂರದ ತೊಂದರೆ ದೊಡ್ಡದಲ್ಲ, ವಿಮಾನ ಇದೆ. ತೊಂದರೆ ಇರುವುದು ತಿಂಗಳಲ್ಲಿ. ಅಲ್ಲಿ ಜುಲೈ ಅಂದರೆ ಬೇಸಿಗೆ ರಜೆ. ಇಲ್ಲಿ ಜುಲೈ ಅಂದರೆ ಮಳೆ. ಅದೂ ಎಲ್ಲಾ ಕಡೆ ಒಂದೇ ಥರದ ಮಳೆಯಲ್ಲ. ಇದು ನನಗೆ ಪುಸ್ತಕದಲ್ಲಿ ಗೊತ್ತಾಗಿದ್ದಲ್ಲ, ಹಿಂಡಿ ಮೂಟೆಯಲ್ಲಿ ಗೊತ್ತಾಗಿದ್ದು. ಆ ಕಥೆ ನಿನಗೆ ಹೇಳಿರಲಿಲ್ಲ.

ನೀನಿನ್ನೂ ಹುಟ್ಟಿರಲಿಲ್ಲ. ಜುಲೈ ತಿಂಗಳು. ಚಳ್ಳಕೆರೆಯ ಎಣ್ಣೆ ಮಿಲ್ಲಿನಿಂದ ಕಡಲೆಕಾಯಿ ಹಿಂಡಿ ತುಂಬಿಕೊಂಡು ಮಂಗಳೂರಿಗೆ ಹೊರಟೆ. ಚಳ್ಳಕೆರೆಯಲ್ಲಿ ಆಕಾಶ ನೀಲಿ. ಗಾಳಿ ಮಾತ್ರ ಜೋರು, ಕಣ್ಣಿಗೆ ಕೆಂಪು ಧೂಳು. ತಾಡಪಾಲಿನಲ್ಲಿ ಒಂದು ಕಡೆ ಅಂಗೈ ಅಗಲ ಹರಿದಿತ್ತು. ಕ್ಲೀನರ್ ಹುಡುಗ "ಹೊಲಿಸೋಣ್ವಾ ಅಣ್ಣ" ಅಂದ. "ಎಲ್ಲಿ ಮಳೆ ಕಾಣ್ತಾ ಇದೆಯೋ ನಿನಗೆ" ಅಂತ ಬೈದೆ. ಅರಸೀಕೆರೆ ತನಕ ಏನೂ ಇಲ್ಲ. ಹಾಸನದಲ್ಲಿ ಹನಿ. ಸಕಲೇಶಪುರದಲ್ಲಿ ವೈಪರ್ ಸಾಲಲಿಲ್ಲ. ಶಿರಾಡಿ ಘಾಟಿಯಲ್ಲಿ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣಲಿಲ್ಲ. ಮಂಗಳೂರಲ್ಲಿ ಹಗ್ಗ ಬಿಚ್ಚಿ ನೋಡಿದರೆ ಮೇಲಿನ ಎರಡು ಸಾಲು ಮೂಟೆ ನೆನೆದು ಊದಿಕೊಂಡಿದ್ದವು. ಕೈ ಹಾಕಿದರೆ ಒಳಗೆ ಬಿಸಿ. ವ್ಯಾಪಾರಿ ಬಾಡಿಗೆಯಲ್ಲಿ ಅರ್ಧ ಹಿಡಿದುಕೊಂಡ. ಅವನದು ತಪ್ಪು ಅನ್ನಲಾರೆ.

ಮಾರನೇ ದಿನ ವಾಪಸ್ ಬಂದರೆ ಚಳ್ಳಕೆರೆಯಲ್ಲಿ ಅದೇ ನೀಲಿ ಆಕಾಶ, ಅದೇ ಧೂಳು.

ಆಮೇಲೆ ನಿನ್ನ ಹೈಸ್ಕೂಲ್ ಸಮಾಜ ಪುಸ್ತಕದಲ್ಲಿ ಓದಿದೆ, ಇದಕ್ಕೆ ಮಳೆ ನೆರಳು ಅಂತಾರೆ ಅಂತ. ಅರಬ್ಬಿ ಸಮುದ್ರದಿಂದ ಬರುವ ಮೋಡ ಪಶ್ಚಿಮ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಘಟ್ಟದ ಮೇಲಿನ ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ಬೆಟ್ಟದ ಬೆನ್ನಿಗೆ ಬಿದ್ದಿರುವ ಚಳ್ಳಕೆರೆಗೆ 500 ಬಂದರೆ ಹಬ್ಬ. ಮೋಡ ನಮ್ಮ ತಲೆ ಮೇಲೇ ಹೋಗುತ್ತದೆ, ನೀರು ಮಾತ್ರ ಇರುವುದಿಲ್ಲ. ಖಾಲಿ ಲಾರಿ ವಾಪಸ್ ಹೋದ ಹಾಗೆ. ಉಳಿಯುವುದು ಗಾಳಿ ಒಂದೇ. ಅದಕ್ಕೇ ನಮ್ಮ ಗುಡ್ಡಗಳ ಮೇಲೆಲ್ಲಾ ಫ್ಯಾನು ನಿಲ್ಲಿಸಿದ್ದಾರೆ. ಜುಲೈನಲ್ಲಿ ಅವು ಒಂದು ಗಳಿಗೆ ನಿಲ್ಲುವುದಿಲ್ಲ.

ಇದು ಅರ್ಥವಾದರೆ ಅವರಿಗೆ ಅರ್ಧ ಇಂಡಿಯಾ ಅರ್ಥವಾದ ಹಾಗೆ. ಯಾಕೆಂದರೆ ಮೇಲೆ ಹಿಮಾಲಯದಲ್ಲೂ ಇದೇ ಕಥೆ. ಲೇಹ್‌ಗೆ ನಾನು ಹೋಗಿಲ್ಲ. ಜೊತೆಗಿದ್ದ ಒಬ್ಬ ಡ್ರೈವರ್ ಹೋಗಿದ್ದ. "ಅಣ್ಣಾ, ಹಿಮ ಇರೋ ಚಳ್ಳಕೆರೆ ಅದು" ಅಂದಿದ್ದ. ಸರಿಯಾಗೇ ಹೇಳಿದ್ದ. ಹಿಮಾಲಯದ ಈ ಮಗ್ಗುಲಲ್ಲಿ ಮಳೆ ಸುರಿದು ಗುಡ್ಡ ಕುಸಿಯುತ್ತಿರುವಾಗ ಆ ಮಗ್ಗುಲ ಲಡಾಖ್ ಒಣಗಿರುತ್ತದೆ. ಜುಲೈನಲ್ಲಿ ಬರುವವರಿಗೆ ಉತ್ತರದಲ್ಲಿ ಸರಿಯಾದ ಜಾಗ ಅಂದರೆ ಲಡಾಖ್. ಅಲ್ಲಿ 3,500 ಮೀಟರ್ ಎತ್ತರ, ಉಸಿರು ಹಿಡಿಯುತ್ತದೆ. ಇಳಿದ ಎರಡು ದಿನ ಸುಮ್ನೆ ಮಲಗಿರಬೇಕಂತೆ. ಜೈಸಲ್ಮೇರ್ ಬೇಡ, ಆ ಮರಳಿಗೆ ಡಿಸೆಂಬರ್ ಒಳ್ಳೆಯದು. ಕೇರಳಕ್ಕೆ ಮಳೆ ಜೂನ್ ಮೊದಲ ವಾರದ ಹೊತ್ತಿಗೇ ಬಂದು ಕೂತಿರುತ್ತದೆ. ನೆನೆಯಲು ಇಷ್ಟವಿದ್ದರೆ ಹೋಗಲಿ. ತಮಿಳುನಾಡಿನ ಕರಾವಳಿ ಉಲ್ಟಾ, ಅಲ್ಲಿ ಅಕ್ಟೋಬರ್ ನಂತರವೇ ದೊಡ್ಡ ಮಳೆ.

ತಾಜ್ ಮಹಲ್ ಬಿಡು ಅಂದರೆ ಅವರು ಕೇಳುವುದಿಲ್ಲ, ಗೊತ್ತು. ನೋಡಲಿ. ಆದರೆ ಆ ಕಡೆ ಹೋದಾಗ ಕೆಳಗೆ ನೆಲವನ್ನೂ ಒಂದು ಸಲ ನೋಡಲು ಹೇಳು.

ಭೀಮಸಮುದ್ರದಿಂದ ಅಡಿಕೆ ತುಂಬಿಕೊಂಡು ನಾನು ಕಾನ್ಪುರಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ದುರ್ಗ ಬಿಟ್ಟು ಹೊಸಪೇಟೆ, ವಿಜಯಪುರ, ಸೊಲ್ಲಾಪುರ, ನಾಂದೇಡ್, ನಾಗಪುರ, ಭೋಪಾಲ್, ಝಾನ್ಸಿ. ದಾರಿಯಲ್ಲಿ ದಾಟುವ ದೊಡ್ಡ ಹೊಳೆಗಳೆಲ್ಲ, ತುಂಗಭದ್ರಾ, ಕೃಷ್ಣಾ, ಭೀಮಾ, ಗೋದಾವರಿ, ಬಲಗಡೆಗೆ ಹರಿಯುತ್ತವೆ. ಕ್ಲೀನರ್ ಸೀಟಿನ ಕಡೆಯಲ್ಲ, ನನ್ನ ಕಡೆ. ಯಾಕೆಂದರೆ ನಮ್ಮ ದಕ್ಷಿಣದ ನೆಲವೇ ಪೂರ್ವಕ್ಕೆ ವಾಲಿದೆ. ತುಂಗಾ, ಭದ್ರಾ ಹುಟ್ಟುವ ಘಟ್ಟದಿಂದ ಅರಬ್ಬಿ ಸಮುದ್ರ ಕೂಗಳತೆಯಲ್ಲಿದ್ದ ಹಾಗೆ. ಆದರೂ ಅವು ಆ ಕಡೆ ತಿರುಗಿ ನೋಡದೆ ಕೂಡ್ಲಿಯಲ್ಲಿ ಸೇರಿ, ಹರಿಹರ ದಾಟಿ, ಕೃಷ್ಣೆಗೆ ಬಿದ್ದು, ಬಂಗಾಳ ಕೊಲ್ಲಿ ತನಕ ಹೋಗುತ್ತವೆ. ಅದೇ ಬೆಟ್ಟದಲ್ಲಿ ಹುಟ್ಟುವ ನೇತ್ರಾವತಿ ಮಾತ್ರ ಮಂಗಳೂರಿಗೆ ಇಳಿಯುತ್ತಾಳೆ. ಇಷ್ಟೆಲ್ಲಾ ದಾಟಿ ಭೋಪಾಲಿಗೆ ಮೊದಲು ನರ್ಮದಾ ಸಿಕ್ಕಿದರೆ ಅದು ಎಡಗಡೆಗೆ ಹರಿಯುತ್ತದೆ! ಮೊದಲ ಸಲ ನಾನು ದಾರಿ ತಪ್ಪಿದೆನಾ ಅಂದುಕೊಂಡೆ. ಭೂಮಿ ಸೀಳಿ ತಗ್ಗಾದ ಕಡೆ ಆ ನದಿ ಪಶ್ಚಿಮಕ್ಕೆ ಓಡುತ್ತದಂತೆ. ತಾಪಿಯೂ ಹಾಗೇ.

ಕಾನ್ಪುರದ ಹತ್ತಿರ ಒಂದು ರಾತ್ರಿ ಟೈರ್ ಪಂಕ್ಚರ್ ಆಯಿತು. ಜಾಕ್ ಹಾಕುವ ಮೊದಲು ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕಲ್ಲ, ಕ್ಲೀನರನ್ನು ಕಳಿಸಿದೆ. ಹತ್ತು ನಿಮಿಷ ಆಯಿತು, ಹದಿನೈದು ಆಯಿತು. ಬರಿಗೈಯಲ್ಲಿ ಬಂದ. "ಅಣ್ಣಾ, ಈ ಊರಲ್ಲಿ ಕಲ್ಲೇ ಇಲ್ಲ" ಅಂದ. ಕುಡಿದಿದ್ದಾನೆ ಅಂದುಕೊಂಡೆ. ನಾನೇ ಬ್ಯಾಟರಿ ಹಿಡಿದು ಹೋದೆ. ನಿಜವಾಗಿಯೂ ಇಲ್ಲ! ಹೊಲ, ಮಣ್ಣು, ಕಾಲುವೆ, ಮತ್ತೆ ಹೊಲ. ಮುಷ್ಟಿಯಷ್ಟು ಕಲ್ಲು ಕೂಡ ಕಾಣಲಿಲ್ಲ. ಕೊನೆಗೆ ಒಬ್ಬ ಮುದುಕನ ಮನೆ ಗೋಡೆ ಪಕ್ಕದಿಂದ ಎರಡು ಇಟ್ಟಿಗೆ ಕೇಳಿ ತಂದೆವು. ಅವನಿಗೆ ನಗು. ನಾವು ದುರ್ಗದವರು, ಹುಟ್ಟಿದಾಗಿನಿಂದ ಬಂಡೆ ನೋಡಿಕೊಂಡು ಬೆಳೆದವರು, ಕಲ್ಲಿಲ್ಲದ ಊರೊಂದು ಇರಬಹುದು ಅಂತ ಯೋಚನೆಯೇ ಬಂದಿರಲಿಲ್ಲ. ಹಿಮಾಲಯದಿಂದ ಗಂಗೆ, ಯಮುನೆ ಲಕ್ಷಾಂತರ ವರ್ಷ ಹೊತ್ತು ತಂದು ಸುರಿದ ಮಣ್ಣು ಅದು. ಬಂಡೆ ಎಲ್ಲೋ ಆಳದಲ್ಲಿದೆ. ಅಲ್ಲಿನ ಮನೆ, ಗೋಡೆ, ಬಾವಿ ಎಲ್ಲಾ ಇಟ್ಟಿಗೆ. ಚಳಿಗಾಲದಲ್ಲಿ ಅದೇ ಬಯಲಿನಲ್ಲಿ ಮಂಜು ಕೂತರೆ ಬೆಳಿಗ್ಗೆ ಹತ್ತರ ತನಕ ಲಾರಿ ತೆಗೆಯುವ ಹಾಗಿಲ್ಲ. ಮುಂದೆ ಯಾರಾದರೂ ಡಿಸೆಂಬರಲ್ಲಿ ಬಂದರೆ ಹೇಳು, ರೈಲು ಗಂಟೆಗಟ್ಟಲೆ ತಡವಾಗುತ್ತದೆ.

ಈಗ ನಮ್ಮ ಕಲ್ಲಿಗೆ ಬರೋಣ. ಇದನ್ನು ಅವರ ಪಟ್ಟಿಯಲ್ಲಿ ಮೊದಲು ಸೇರಿಸು. ಅಪ್ಪ ಊರಿನ ಅಭಿಮಾನಕ್ಕೆ ಹೇಳುತ್ತಾನೆ ಅನ್ನಬೇಡ. ಸ್ವಲ್ಪ ಅದೂ ಇದೆ ಅನ್ನು.

ದುರ್ಗದಿಂದ ಹಿರಿಯೂರಿನ ಕಡೆ ಹೋಗುವಾಗ ಒಳಗೆ ಮರಡಿಹಳ್ಳಿ ಅಂತ ಬರುತ್ತದೆ. ಅಲ್ಲಿನ ಬಂಡೆ ನೋಡಿದರೆ ಯಾರೋ ಹಮಾಲರು ಮೂಟೆ ಮೇಲೆ ಮೂಟೆ ಪೇರಿಸಿ ಊಟಕ್ಕೆ ಹೋದ ಹಾಗಿದೆ. ದುಂಡಗಿನ ಅಂಚು, ಒಂದರ ಸಂದಿಯಲ್ಲಿ ಇನ್ನೊಂದು ಕೂತಿರುವ ರೀತಿ, ಎಲ್ಲಾ ಮೂಟೆಯದೇ. ಲೋಡಿಂಗ್ ನೋಡಿದವನಿಗೆ ಬೇರೆ ಏನೂ ಅನ್ನಿಸುವುದಿಲ್ಲ. ಓದಿದವರು ಅದನ್ನು ದಿಂಬು ಲಾವಾ ಅನ್ನುತ್ತಾರೆ. ಬೆಂಕಿಯಂಥ ಲಾವಾ ನೀರಿನೊಳಗೆ ಉಕ್ಕಿದರೆ ಮಾತ್ರ ಹೀಗೆ ಉಂಡೆ ಉಂಡೆಯಾಗಿ ಗಟ್ಟಿಯಾಗುತ್ತದಂತೆ. ಅಂದರೆ ಸುಮಾರು 250 ಕೋಟಿ ವರ್ಷದ ಹಿಂದೆ ಈ ಬರದ ಸೀಮೆ ನೀರಿನ ಅಡಿಯಲ್ಲಿತ್ತು! ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಮಾಡಿದ್ದಾರೆ. ಹಿಮಾಲಯ ಎದ್ದು ಹೆಚ್ಚೆಂದರೆ ಐದು ಕೋಟಿ ವರ್ಷ. ನಮ್ಮ ಬಂಡೆಯ ಮುಂದೆ ಅದು ನಿನ್ನೆ ಹುಟ್ಟಿದ ಮಗು. ಪುಣೆ ರೋಡಿನಲ್ಲಿ ಸಾತಾರಾ ಕಡೆ ಚಾಕುವಿನಲ್ಲಿ ತಲೆ ಕೊಯ್ದ ಹಾಗೆ ಚಪ್ಪಟೆ ಗುಡ್ಡಗಳಿವೆಯಲ್ಲ, ಅವೂ ಲಾವಾದವೇ, ಸುಮಾರು ಆರೂವರೆ ಕೋಟಿ ವರ್ಷದವು. ನಮ್ಮ ಗುಡ್ಡದ ತಲೆ ದುಂಡಗೆ, ಅವುಗಳದು ಚಪ್ಪಟೆ. ಕತ್ತಲಲ್ಲಿ ಎದ್ದು ಕೂತರೂ ಯಾವ ಸೀಮೆಯಲ್ಲಿದ್ದೇನೆ ಅಂತ ಗುಡ್ಡ ನೋಡಿ ಹೇಳುತ್ತಿದ್ದೆ.

ಕೋಟೆಯಲ್ಲಿ ಗೈಡ್ ಒನಕೆ ಓಬವ್ವನ ಕಿಂಡಿ ತೋರಿಸುತ್ತಾನೆ, 1779ರಲ್ಲಿ ಹೈದರಾಲಿ ಗೆದ್ದಿದ್ದು ಹೇಳುತ್ತಾನೆ. ಅವೆಲ್ಲಾ ಸರಿ. ನೀನು ಅವರಿಗೆ ನೀರು ತೋರಿಸು. ಬಂಡೆಯ ಮೇಲೆ ಬಿದ್ದ ಮಳೆ ಮೊದಲು ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಒಂದು ಹನಿ ಬಿಡಲಿಲ್ಲ ಪಾಳೇಗಾರರು. ಆಗುಂಬೆಯವರಿಗೆ ಇಂಥ ಯೋಚನೆ ಯಾಕೆ ಬರಬೇಕು ಹೇಳು.

ಅಲ್ಲಿಂದ ಮಾರಿಕಣಿವೆಗೆ ಕರೆದುಕೊಂಡು ಹೋಗುತ್ತೇನೆ. ಎರಡು ಗುಡ್ಡದ ನಡುವಿನ ಸಂದಿಗೆ ಗೋಡೆ ಕಟ್ಟಿ ವೇದಾವತಿಯನ್ನು ನಿಲ್ಲಿಸಿದ್ದು 1907ರಲ್ಲಿ. 130 ಅಡಿ ತುಂಬಿ ಕೋಡಿ ಬಿದ್ದಿದ್ದು 1933ರಲ್ಲಿ ಒಂದು ಸಲ. ಆಮೇಲೆ ಬಿದ್ದಿದ್ದು 2022ಕ್ಕೆ. 89 ವರ್ಷ! ನಮ್ಮಪ್ಪ ಕೋಡಿ ನೋಡದೇ ಹೋದರು. ಆ ದಿನ ನಾನು ನಿಮ್ಮಮ್ಮ ಬೈಕಲ್ಲಿ ಹೋಗಿದ್ದೆವು, ಜಾತ್ರೆಯ ಹಾಗೆ ಜನ. ನಿಮ್ಮಮ್ಮ ನೀರಿಗೆ ಕೈಮುಗಿದು ಅತ್ತಳು. ನಾನೂ ಕಣ್ಣು ಒರೆಸಿಕೊಂಡೆ, ಗಾಳಿಗೆ ಧೂಳು ಬಿತ್ತು ಅಂದೆ. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಈಗ ಭದ್ರಾ ನೀರೂ ಬರುತ್ತದೆ. ಗುಡ್ಡ ಹತ್ತಿ ಮೇಲಿನಿಂದ ನೋಡಿದರೆ ಹಿನ್ನೀರು ಭಾರತದ ನಕ್ಷೆಯ ಹಾಗೆ ಕಾಣುತ್ತದೆ ಅಂತಾರೆ. ನನಗೆ ಕಾಶ್ಮೀರ ಸರಿಯಾಗಿ ಕಂಡಿಲ್ಲ. ನಿನ್ನ ನೆಂಟರು ಹುಡುಕಲಿ.

ಮಾರನೇ ದಿನ ದಾವಣಗೆರೆ. 60 ಕಿ.ಮೀ. ಅಷ್ಟೇ, ಆದರೆ ಭದ್ರಾ ಕಾಲುವೆ ಬಂದ ಕಡೆಯೆಲ್ಲ ಗದ್ದೆ, ಹಸಿರು. ಕಾಲುವೆ ಮುಗಿದ ಕಡೆ ಮೆಕ್ಕೆಜೋಳ. ಆ ಗೆರೆಯನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ಬೆಣ್ಣೆ ದೋಸೆ ತಿನ್ನಿಸದೆ ಬಿಡುವುದಿಲ್ಲ ಅಂತ ನಿಮ್ಮಮ್ಮ ಹೇಳುತ್ತಿದ್ದಾಳೆ. ಮಂಡಕ್ಕಿ ಜೊತೆ ಮಿರ್ಚಿ ತಿನ್ನುತ್ತಾರಾ, ಖಾರ ಆಗುತ್ತದಾ ಅಂತಲೂ ಕೇಳುತ್ತಿದ್ದಾಳೆ. ಬರೆ ಅಂದಳು, ಬರೆದಿದ್ದೇನೆ.

ಆಮೇಲೆ ಜೋಗ. ಜುಲೈ ಕೊನೆಗೆ ಮಳೆ ಹಿಡಿದರೆ ಶರಾವತಿ 830 ಅಡಿ ಬೀಳುವುದನ್ನು ನೋಡಲು ಅದೇ ಸರಿಯಾದ ಕಾಲ. ಮಂಜು ಮುಚ್ಚಿಕೊಂಡಿದ್ದರೆ ಒಂದು ಗಂಟೆ ಕಾಯಬೇಕು. ಅಲ್ಲಿಂದ ಕರಾವಳಿಗೆ ಇಳಿಯುವುದಾದರೆ ಮೊದಲು ಘಾಟಿ ಓಪನ್ ಇದೆಯಾ ಅಂತ ಕೇಳಿಕೊಳ್ಳಬೇಕು. ಈಚೆಗೆ ಮಳೆಗಾಲದಲ್ಲಿ ಶಿರಾಡಿಯಂಥ ಘಾಟಿಗಳು ಕುಸಿದು ರಸ್ತೆ ಬಂದ್ ಆಗುವುದು ಜಾಸ್ತಿ. ಸಮುದ್ರಕ್ಕೆ ಮಾತ್ರ ಇಳಿಯಬಾರದು, ಆ ತಿಂಗಳು ಅಲೆಗೆ ಹುಚ್ಚು ಹಿಡಿದಿರುತ್ತದೆ. ಮೀನಿನ ದೊಡ್ಡ ಬೋಟುಗಳೇ ದಡದಲ್ಲಿರುತ್ತವೆ.

ಹಾಗಾಗಿ ನನ್ನ ಲೆಕ್ಕ ಇದು. ಬೆಂಗಳೂರಲ್ಲಿ ಇಳಿದು ನೇರ ದುರ್ಗಕ್ಕೆ ಬರಲಿ, 200 ಕಿ.ಮೀ. ಒಣ ಕಲ್ಲಿನಿಂದ ಶುರು ಮಾಡಿ ಮಳೆಯ ಕಡೆಗೆ ಹೋಗಲಿ. ಆರು ದಿನ ಇಲ್ಲಿ. ಆಮೇಲೆ ವಿಮಾನದಲ್ಲಿ ದಿಲ್ಲಿ, ಅವರ ತಾಜ್ ಮಹಲ್, ಕೊನೆಗೆ ಲಡಾಖ್. ಕನ್ಯಾಕುಮಾರಿ ಇನ್ನೊಂದು ಸಲಕ್ಕೆ ಇರಲಿ, ಅದೇನು ಓಡಿ ಹೋಗುವುದಿಲ್ಲ.

ಮಳೆ ಕೋಟು ಇಲ್ಲಿ ತೆಗೆದುಕೊಳ್ಳಬಹುದು, ತರಬೇಡಿ. ಕೋಟೆ ಹತ್ತಲು ಗಟ್ಟಿ ಬೂಟು ಬೇಕು, ತುಂತುರು ಬಿದ್ದರೆ ಬಂಡೆ ಜಾರುತ್ತದೆ. ಟಿಕೆಟ್ ತೆಗೆಯುವ ಮೊದಲು ಒಂದು ಫೋನ್ ಮಾಡು ತಾಯಿ. ಬೆಳಿಗ್ಗೆ ಮಾಡು. ಸಂಜೆ ನಾನು ಕೋಟೆ ಮೇಲೆ ವಾಕಿಂಗ್ ಹೋಗಿರುತ್ತೇನೆ, ಆ ಗಾಳಿಗೆ ಏನೂ ಕೇಳಿಸುವುದಿಲ್ಲ.

ನಿನ್ನ ಅಪ್ಪ