ಮೇಕೆಗೆ ಮೇಕೆಯದೇ ಲಸಿಕೆ ಬೇಕು

ಮಾನ್ಯ ಪಶುಸಂಗೋಪನಾ ಸಚಿವರಿಗೆ ವಂದನೆಗಳು.

ಕಡತಗಳಲ್ಲಿ ‘ಕುರಿ-ಮೇಕೆ’ ಎಂದು ಒಂದೇ ಉಸಿರಿಗೆ ಬರೆಯುತ್ತೇವೆ. ಲಸಿಕೆಯ ವಿಷಯದಲ್ಲೂ ಹಾಗೆಯೇ ನಡೆದುಕೊಂಡಿದ್ದರಿಂದ ಮೇಕೆಗಳು ಸಾಯುತ್ತಿವೆ. ಪಶುವೈದ್ಯೆಯಾಗಿ ಇದನ್ನು ನೋಡಿ ನೋಡಿ, ಇನ್ನು ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಕರುಳುಬೇನೆಯ ಬಗ್ಗೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಡಿ ಎಂಬ ಬ್ಯಾಕ್ಟೀರಿಯಾ ಆರೋಗ್ಯವಂತ ಪ್ರಾಣಿಯ ಕರುಳಿನಲ್ಲೂ ಅಷ್ಟಿಷ್ಟು ಇರುತ್ತದೆ. ಒಮ್ಮೆಲೇ ಕಾಳು ಹೆಚ್ಚು ತಿಂದಾಗ ಅರಗದ ಪಿಷ್ಟ ಸಣ್ಣಕರುಳಿಗೆ ಇಳಿಯುತ್ತದೆ. ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದು ಎಪ್ಸಿಲಾನ್ ಎಂಬ ವಿಷ ಬಿಡುತ್ತದೆ. ಆ ವಿಷ ರಕ್ತ ಸೇರಿ ಮಿದುಳನ್ನು ಮುಟ್ಟಿದರೆ ಮರಿ ಕತ್ತನ್ನು ಹಿಂದಕ್ಕೆ ಸೆಟೆದು, ಬಿದ್ದಲ್ಲೇ ಕಾಲು ಬಡಿಯುತ್ತದೆ. ಹಿಂಡಿನಲ್ಲಿ ಮೈತುಂಬಿಕೊಂಡ ಮರಿಯೇ ಹೆಚ್ಚಾಗಿ ಬಲಿಯಾಗುತ್ತದೆ. ಚಿಕಿತ್ಸೆಗೆ ಹೊತ್ತು ಸಿಗುವುದೇ ಅಪರೂಪ.

ಆ ವಿಷವನ್ನೇ ಫಾರ್ಮಲಿನ್‌ನಿಂದ ನಿರ್ವಿಷಗೊಳಿಸಿ ಮಾಡಿದ್ದೇ ಈಗಿನ ಲಸಿಕೆ. ಮೊದಲೆರಡು ಡೋಸ್ ಕೆಲವು ವಾರಗಳ ಅಂತರದಲ್ಲಿ ಬಿದ್ದರೆ, ಆಮೇಲೆ ವರ್ಷಕ್ಕೊಂದು ಡೋಸ್ ಸಾಮಾನ್ಯವಾಗಿ ಕುರಿಯನ್ನು ಕಾಯುತ್ತದೆ. ಅದೇ ಡೋಸಿಗೆ ಮೇಕೆಯಲ್ಲಿ ಪ್ರತಿಕಾಯ, ಅಂದರೆ ವಿಷವನ್ನು ತಡೆಯುವ ರಕ್ತದ ಅಂಶ, ಕಡಿಮೆ ಹುಟ್ಟುತ್ತದೆ, ಹುಟ್ಟಿದ್ದೂ ಬೇಗ ಇಳಿಯುತ್ತದೆ. ಸಾಲದ್ದಕ್ಕೆ ಮೇಕೆಯಲ್ಲಿ ವಿಷ ಕರುಳನ್ನೇ ಸುಡುತ್ತದೆ. ರಕ್ತದಲ್ಲಿರುವ ಪ್ರತಿಕಾಯ ಅಲ್ಲಿಗೆ ಸರಿಯಾಗಿ ಒದಗುವುದಿಲ್ಲ.

ಒಂದು ಕೊಟ್ಟಿಗೆಯಲ್ಲಿ ಕುರಿ, ಮೇಕೆ ಎರಡಕ್ಕೂ ಒಂದೇ ದಿನ, ಒಂದೇ ಬಾಟಲಿಯಿಂದ ಲಸಿಕೆ ಹಾಕಿದ್ದೆವು. ಏಳು ತಿಂಗಳ ನಂತರ ಕರೆ ಬಂತು. ಕುರಿಗಳು ಮೆಲುಕು ಹಾಕುತ್ತ ನಿಂತಿದ್ದವು. ಮೂರು ಮೇಕೆಗಳು ಭೇದಿಯಾಗಿ ಸತ್ತಿದ್ದವು. ಕೊಯ್ದು ನೋಡಿದರೆ ದೊಡ್ಡಕರುಳಿನ ಒಳಪದರ ಕೆಂಪೇರಿ ಊದಿಕೊಂಡು, ಮೇಲೆ ಪೊರೆ ಕಟ್ಟಿತ್ತು. “ಹಾಕಿಸಿದ್ದೆನಲ್ಲ, ಡಾಕ್ಟರೇ” ಎಂದು ಸಾಕಿದಾಕೆ ಲಸಿಕೆಯ ಚೀಟಿ ಚಾಚಿದರು. ನನ್ನಲ್ಲಿ ಉತ್ತರವಿರಲಿಲ್ಲ.

1881ರಲ್ಲಿ ಫ್ರಾನ್ಸಿನ ಪುಯಿ-ಲ-ಫೋರ್‌ನಲ್ಲಿ ಲೂಯಿ ಪಾಶ್ಚರ್ ನೆರಡಿ ರೋಗದ (ಆಂಥ್ರಾಕ್ಸ್) ಲಸಿಕೆಯನ್ನು ಬಹಿರಂಗವಾಗಿ ಪರೀಕ್ಷಿಸಿದಾಗ, ಲಸಿಕೆ ಪಡೆದ 24 ಕುರಿಗಳ ಜೊತೆ ಇದ್ದದ್ದು ಒಂದೇ ಒಂದು ಮೇಕೆ. ಅದು ಬದುಕಿತು, ಸಂತೋಷ. ಆದರೆ ಮೇಕೆಯನ್ನು ಕುರಿಯ ಲೆಕ್ಕಕ್ಕೆ ಸೇರಿಸಿಬಿಡುವ ರೂಢಿ ಇಂದಿಗೂ ಬಿಟ್ಟಿಲ್ಲ.

ದಾರಿಗಳಿವೆ. ಎಪ್ಸಿಲಾನ್ ವಿಷ ಅಮೈನೋ ಆಮ್ಲಗಳನ್ನು ಸರಪಳಿಯಂತೆ ಪೋಣಿಸಿದ ಪ್ರೋಟೀನ್; ಅದರ 106ನೇ ಕೊಂಡಿಯೊಂದನ್ನು ಬದಲಿಸಿದರೆ ಅದು ನಿರಪಾಯವಾಗುತ್ತದೆ, ಆದರೂ ರಕ್ಷಣೆ ಹುಟ್ಟಿಸುತ್ತದೆ ಎಂದು 1998ರಲ್ಲೇ ಇಲಿಗಳಲ್ಲಿ ತೋರಿಸಲಾಗಿದೆ. ಇಂಥ ನಿರಪಾಯ ವಿಷದಿಂದ ಮಾಡಿದ ಲಸಿಕೆಗಳನ್ನು ಗಬ್ಬದ ಮೇಕೆಗಳಲ್ಲಿ, ತಾಯಿಯ ಗಿಣ್ಣುಹಾಲಿನ ಪ್ರತಿಕಾಯ ಇನ್ನೂ ಉಳಿದಿರುವ ಮರಿಗಳಲ್ಲಿ ತಿಂಗಳುಗಟ್ಟಲೆ ಪರೀಕ್ಷಿಸಬೇಕು. ಲಾಭ ಕಡಿಮೆಯೆಂದು ತಯಾರಕರು ಹಿಂಜರಿಯುವ ಈ ಕೆಲಸಕ್ಕೆ ಸರ್ಕಾರದ ಹಣವೇ ಬೇಕು.

ಮೇಕೆಗಳಲ್ಲೇ ನಡೆಯುವ ಪರೀಕ್ಷೆಗೆ ಪ್ರತ್ಯೇಕ ಅನುದಾನ ಕೊಡಿ. ಹೊಸ ಲಸಿಕೆ ಬರುವವರೆಗೆ, ವರ್ಷಕ್ಕೊಮ್ಮೆ ಎಂಬ ವೇಳಾಪಟ್ಟಿಯನ್ನು ಮೇಕೆಗಳಿಗೆ ಬದಲಿಸಿ, ವರ್ಷಕ್ಕೆ ಎರಡು ಬಾರಿಯಾದರೂ ಹಾಕುವಂತೆ ಆದೇಶ ಹೊರಡಿಸಿ. ಆ ಆದೇಶಕ್ಕೆ ಯಾವ ಸಂಶೋಧನೆಯೂ ಮುಗಿಯಬೇಕಿಲ್ಲ, ನಿಮ್ಮ ಸಹಿ ಸಾಕು.

ಇತಿ,
ಒಬ್ಬ ಪಶುವೈದ್ಯೆ