ಪುಟ್ಟಿಯ ಮೊದಲ ತುತ್ತಿನ ವಿಷಯವಾಗಿ ಅತ್ತೆಯವರಿಗೆ

ಮ್ಯೂನಿಕ್
ಮಾರ್ಗಶಿರದ ಮೊದಲ ವಾರ

ಪೂಜ್ಯ ಅತ್ತೆಯವರಿಗೂ ಮಾವನವರಿಗೂ ನಿಮ್ಮ ಸೊಸೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಕ್ಷೇಮವಾಗಿದ್ದೇವೆ. ನೀವು ಕಳುಹಿಸಿದ ಪರಿಷೆಯ ಫೋಟೋಗಳು ತಲುಪಿದವು. ದೊಡ್ಡ ಬಸವಣ್ಣನ ಗುಡಿಯ ರಸ್ತೆಯುದ್ದಕ್ಕೂ ಸುರಿದಿದ್ದ ಕಡಲೆಕಾಯಿ ರಾಶಿಗಳನ್ನು ಕಂಡು ಇವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆ ಕಡಲೆಕಾಯಿಯ ವಿಷಯಕ್ಕೆ ಮುಂದೆ ಬರುತ್ತೇನೆ, ಏಕೆಂದರೆ ಅದೂ ಪುಟ್ಟಿಯ ಊಟಕ್ಕೆ ಸೇರಿದ್ದೇ.

ಕಳೆದ ವಾರ ಫೋನಿನಲ್ಲಿ ಮಗುವಿನ ಆಹಾರದ ಮಾತು ಬಂದಾಗ ನಾನು ಅವಸರದಲ್ಲಿ ಹೇಳಿದ್ದು ಮೂರು ‘ಬೇಡ’ಗಳನ್ನು ಮಾತ್ರ: ಜೇನು ಬೇಡ, ಬೆಲ್ಲ ಬೇಡ, ಒಳಲೆ ಬೇಡ. ನೀವು ‘ಸರಿಯಮ್ಮ, ನಿಮ್ಮಿಷ್ಟ’ ಎಂದು ಹೇಳಿ ಫೋನನ್ನು ಮಾವನವರ ಕೈಗೆ ಕೊಟ್ಟಿರಿ. ಆ ‘ನಿಮ್ಮಿಷ್ಟ’ದ ತೂಕ ನನಗೆ ಗೊತ್ತಿದೆ. ಆದ್ದರಿಂದಲೇ ನಾವು ಏನನ್ನು ಆರಿಸಿದ್ದೇವೆ, ಏಕೆ ಆರಿಸಿದ್ದೇವೆ ಎಂಬುದನ್ನು ನಿಧಾನವಾಗಿ ಬರೆದು ತಿಳಿಸಬೇಕೆನಿಸಿತು.

ಮೊದಲು ಕಾಲದ ಮಾತು. ಹೆಣ್ಣುಮಗುವಿಗೆ ಅನ್ನಪ್ರಾಶನ ಬೆಸ ತಿಂಗಳಲ್ಲಿ ಆಗಬೇಕು, ಐದನೆಯದರಲ್ಲಿಯೇ ಮುಗಿಸಿಬಿಡಿ ಎಂದು ನೀವು ಹೇಳಿದ್ದಿರಿ. ಇಲ್ಲಿಯ ಮಕ್ಕಳ ವೈದ್ಯೆಯನ್ನು ಕೇಳಿದಾಗ, ಐದನೆಯ ತಿಂಗಳು ಆರಂಭವಾಗುವುದಕ್ಕೆ ಮುಂಚೆ ಕೊಡಬಾರದು, ಏಳನೆಯದು ಆರಂಭವಾದ ಮೇಲೆ ತಡ ಮಾಡಬಾರದು ಎಂದರು. ಜರ್ಮನಿಯವರ ಲೆಕ್ಕವೂ ನಮ್ಮ ಪುರೋಹಿತರ ಲೆಕ್ಕವೂ ಇಷ್ಟು ಹತ್ತಿರ ಬಂದೀತೆಂದು ನಾನು ಎಣಿಸಿರಲಿಲ್ಲ. ಆದರೂ ಐದರಲ್ಲಿ ನಾವು ಆರಂಭಿಸಲಿಲ್ಲ. ಆಗ ಬೆರಳ ತುದಿಯಲ್ಲಿ ಒಂದಿಷ್ಟು ಬೇಯಿಸಿದ ಕ್ಯಾರೆಟ್ ತುಟಿಗೆ ಹಚ್ಚಿದರೆ ನಾಲಿಗೆಯಿಂದ ಹೊರಕ್ಕೆ ತಳ್ಳಿಬಿಡುತ್ತಿದ್ದಳು. ಒರಗಿಸಿ ಕೂರಿಸಿದರೆ ಕತ್ತು ಒಂದು ಕಡೆಗೆ ವಾಲುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು ಎನ್ನುತ್ತದೆ. ಆರು ತುಂಬಿದರೆ ನಡೆಯುವುದು ಏಳನೆಯ ತಿಂಗಳು, ಅಂದರೆ ಬೆಸ ತಿಂಗಳೇ. ಹೀಗಾಗಿ ನಿಮ್ಮ ಮಾತೂ ಉಳಿಯಿತು. ಈಗ ಆಸರೆ ಕೊಟ್ಟರೆ ನೆಟ್ಟಗೆ ಕೂರುತ್ತಾಳೆ, ನಾವು ಉಣ್ಣುವಾಗ ತಟ್ಟೆಯ ಕಡೆ ಕೈಚಾಚುತ್ತಾಳೆ, ಚಮಚ ಕಂಡರೆ ಬಾಯಿ ತೆರೆಯುತ್ತಾಳೆ.

ಮೊದಲ ತುತ್ತು ರಾಗಿ ಸರಿಯೇ, ಅತ್ತೆ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಇಲ್ಲಿನ ತಾಯಂದಿರು ಕ್ಯಾರೆಟ್ಟನ್ನೋ ಪಾರ್ಸ್‌ನಿಪ್ ಎಂಬ ಬಿಳಿಯ ಗಡ್ಡೆಯನ್ನೋ ಬೇಯಿಸಿ ಅರೆದು ಆರಂಭಿಸುತ್ತಾರೆ. ಹಾಗೆ ಅರೆದದ್ದಕ್ಕೆಲ್ಲ ‘ಬ್ರೈ’ ಎಂದು ಹೆಸರು. ಧಾನ್ಯದ ಬ್ರೈಗೆ ಓಟ್ಸನ್ನೂ ‘ಹಿರ್ಜೆ’ ಎಂಬ ಸಿರಿಧಾನ್ಯವನ್ನೂ ಬಳಸುತ್ತಾರೆ. ಹಿರ್ಜೆ ಎಂದರೆ ನಮ್ಮ ಬರಗು. ರಾಗಿಯನ್ನು ಇಲ್ಲಿಯವರು ಅಷ್ಟಾಗಿ ಬಲ್ಲವರಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120 ಎಂದು ಹೇಳಿದಾಗ ವೈದ್ಯೆ ಹುಬ್ಬೇರಿಸಿ, ಪುಟ್ಟಿಯ ತಪಾಸಣೆಗಳನ್ನು ಬರೆದಿಡುವ ಹಳದಿ ಪುಸ್ತಕದ ಅಂಚಿನಲ್ಲಿ ಆ ಹೆಸರನ್ನು ಗುರುತು ಹಾಕಿಕೊಟ್ಟರು.

ನೀವು ರಾಗಿಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಗಿರಣಿಗೆ ಕೊಡುತ್ತಿದ್ದುದರ ಹಿಂದಿನ ಕಾರಣ ನನಗೆ ಅರ್ಥವಾದದ್ದು ಇಲ್ಲಿಗೆ ಬಂದ ಮೇಲೆಯೇ. ಮೊಳೆಯುವ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟಿಕೊಳ್ಳುತ್ತದೆ. ಮೊಳಕೆ ಬರಿಸದ ಹಿಟ್ಟನ್ನು ಕಾಯಿಸಿದರೆ ಬೇಗನೆ ಅಂಟಂಟಾಗಿ ಗಟ್ಟಿಯಾಗುತ್ತದೆ. ಮಗು ನುಂಗಲೆಂದು ನಾವು ನೀರು ಬೆರೆಸುತ್ತ ಹೋಗುತ್ತೇವೆ. ಕೊನೆಗೆ ಹೊಟ್ಟೆ ತುಂಬುವುದು ನೀರಿನಿಂದ. ಇಷ್ಟು ಸಣ್ಣ ಮಕ್ಕಳ ಹೊಟ್ಟೆ ಕಿಲೋ ತೂಕಕ್ಕೆ ಸುಮಾರು 30 ಮಿಲಿಲೀಟರ್ ಹಿಡಿಯುತ್ತದೆ, ಅಂದರೆ ಏಳು ಕಿಲೋ ತೂಗುವ ಪುಟ್ಟಿಗೆ ಒಂದು ಲೋಟದಷ್ಟು. ಆ ಲೋಟದೊಳಗೆ ಸಾರವಿರಬೇಕಲ್ಲವೆ? ಮೊಳಕೆಯ ಹಿಟ್ಟಾದರೆ ಪ್ರಮಾಣ ಹೆಚ್ಚು ಹಾಕಿದರೂ ರಾಗಿ ಸರಿ ನುಂಗುವ ಹದದಲ್ಲೇ ಉಳಿಯುತ್ತದೆ. ಅದರ ಜೊತೆಗೆ, ಕಾಳಿನ ಕಬ್ಬಿಣವನ್ನು ಮೈಗೆ ಹತ್ತಗೊಡದೆ ಹಿಡಿದಿಡುವ ಫೈಟೇಟ್ ಎಂಬ ಅಂಶವೂ ಮೊಳಕೆಯಿಂದ ಕಡಿಮೆಯಾಗುತ್ತದೆ. ಒಂದು ಎಚ್ಚರಿಕೆಯಿದೆ: ಹಿಟ್ಟು ಮಾಡಿಸುವ ಮುಂಚೆ ಕಾಳನ್ನು ಘಮ್ಮೆನ್ನುವವರೆಗೆ ಹುರಿದರೆ ಆ ಕಿಣ್ವವೆಲ್ಲ ಬಿಸಿಗೆ ಸತ್ತುಹೋಗುತ್ತದೆ. ಆದ್ದರಿಂದ ಈ ಸಲ ಕಳುಹಿಸುವುದಾದರೆ ಬೆಚ್ಚಗೆ ಮಾಡಿದಷ್ಟಕ್ಕೇ ನಿಲ್ಲಿಸಬೇಕೆಂದು ಕೋರುತ್ತೇನೆ.

ಕಬ್ಬಿಣದ ಹೆಸರೆತ್ತಿದ್ದರಿಂದ ನಿಮಗೆ ಹಿತವಾಗದ ಮಾತಿಗೆ ಬರಬೇಕಾಗಿದೆ. ಹುಟ್ಟುವಾಗ ಮಗು ತಾಯಿಯಿಂದ ತಂದ ಕಬ್ಬಿಣದ ದಾಸ್ತಾನು ಸುಮಾರು ಆರು ತಿಂಗಳಿಗೆ ಕರಗಿಹೋಗುತ್ತದೆ, ಎದೆಹಾಲಿನಲ್ಲಿ ಅದು ಇರುವುದು ಅತ್ಯಲ್ಪ. ಅಮೆರಿಕದವರ ಲೆಕ್ಕದಲ್ಲಿ ಏಳರಿಂದ ಹನ್ನೆರಡು ತಿಂಗಳ ಮಗುವಿಗೆ ದಿನಕ್ಕೆ 11 ಮಿಲಿಗ್ರಾಂ ಬೇಕು, ಬೆಳೆದ ಗಂಡಸಿಗೆ 8 ಸಾಕು. ಇದಕ್ಕಾಗಿಯೇ ಇಲ್ಲಿ ಮಧ್ಯಾಹ್ನದ ಬ್ರೈಯಲ್ಲಿ ತರಕಾರಿ, ಆಲೂಗಡ್ಡೆಯೊಂದಿಗೆ ಮಾಂಸ ಸೇರಿಸುತ್ತಾರೆ. ನಮ್ಮ ಮನೆಯಲ್ಲಿ ಅದು ಆಗದು ಎಂದಾಗ ವೈದ್ಯೆ ವಾದಕ್ಕೆ ಇಳಿಯದೆ ಸಸ್ಯಾಹಾರಿಗಳ ಪಾಠವನ್ನು ತಿಳಿಸಿಕೊಟ್ಟರು: 100 ಗ್ರಾಂ ತರಕಾರಿ, 50 ಗ್ರಾಂ ಆಲೂಗಡ್ಡೆ, 10 ಗ್ರಾಂ ಓಟ್ಸ್, ಒಂದಿಷ್ಟು ಕಿತ್ತಳೆ ರಸ, ಒಂದು ದೊಡ್ಡ ಚಮಚ ಎಣ್ಣೆ. ಸೊಪ್ಪು, ಬೇಳೆ, ಧಾನ್ಯಗಳ ಕಬ್ಬಿಣ ಮೈಗೆ ಹತ್ತಬೇಕಾದರೆ ವಿಟಮಿನ್ ಸಿ ಜೊತೆಗಿರಬೇಕು; ಕಿತ್ತಳೆ ರಸವಿರುವುದು ಅದಕ್ಕಾಗಿ. ನಾನು ಓಟ್ಸಿನ ಜಾಗದಲ್ಲಿ ಒಂದು ದಿನ ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ, ಟೊಮೆಟೊ ತಿರುಳು ಸೇರಿಸಿ ಕೊಟ್ಟೆ. ಹುಳಿಗೆ ಮುಖ ಕಿವುಚಿದಳು, ಮತ್ತೆ ಬಾಯಿ ತೆರೆದಳು.

ಇಷ್ಟರ ಮೇಲೆ ಮೊಟ್ಟೆಯನ್ನೂ ಕೊಡಬೇಕೆಂದು ನಾವಿಬ್ಬರೂ ನಿರ್ಧರಿಸಿದ್ದೇವೆ, ಪೂರ್ತಿ ಗಟ್ಟಿಯಾಗುವಂತೆ ಬೇಯಿಸಿ, ಪುಡಿಮಾಡಿ, ಮೊದಲು ಕಾಲು ಚಮಚದಷ್ಟು. ನಿಮ್ಮ ಅಡುಗೆಮನೆಗೆ ಅದನ್ನು ಎಂದೂ ತರುವುದಿಲ್ಲ. ಬೇರೆಯವರ ಬಾಯಿಂದ ನೀವು ತಿಳಿಯುವಂತಾಗಬಾರದೆಂದು ನಾನೇ ಬರೆಯುತ್ತಿದ್ದೇನೆ. ಮಾವನವರು ನನ್ನ ಪಕ್ಷ ವಹಿಸುತ್ತಾರೆಂಬ ಸಣ್ಣ ಆಸೆಯೂ ಇದೆ.

ಈಗ ಕಡಲೆಕಾಯಿ. ಅದು ಮಕ್ಕಳಿಗೆ ಪಿತ್ತ, ಮೂರು ವರ್ಷ ತುಂಬುವವರೆಗೂ ಬೇಡ ಎಂದು ನಮ್ಮ ಕಡೆ ಹೇಳುತ್ತಾರೆ. ಇಂಗ್ಲೆಂಡಿನಲ್ಲಿಯೂ ಒಂದು ಕಾಲದಲ್ಲಿ, ಅಲರ್ಜಿಗೆ ಹೆದರಿ, ಅಪಾಯವಿರುವ ಮನೆಗಳಲ್ಲಿ ಮೂರರವರೆಗೆ ಕೊಡಬೇಡಿ ಎಂದೇ ಹೇಳುತ್ತಿದ್ದರು. ಆದರೆ ಎಳವೆಯಲ್ಲೇ ಕಡಲೆಕಾಯಿಯ ತಿಂಡಿ ತಿನ್ನುವ ಇಸ್ರೇಲಿನ ಯಹೂದಿ ಮಕ್ಕಳಿಗಿಂತ ಇಂಗ್ಲೆಂಡಿನ ಯಹೂದಿ ಮಕ್ಕಳಲ್ಲಿ ಈ ಅಲರ್ಜಿ ಹತ್ತು ಪಟ್ಟಿನಷ್ಟು ಹೆಚ್ಚಿರುವುದು ಕಂಡುಬಂತು. ಅಲ್ಲಿಂದ ಹೊರಟ ಲಂಡನ್ನಿನ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಲರ್ಜಿಯ ಅಪಾಯ ಹೆಚ್ಚಿದ್ದ 640 ಕೂಸುಗಳಲ್ಲಿ ಅರ್ಧ ಮಕ್ಕಳಿಗೆ ಕಡಲೆಕಾಯಿ ಕೊಡುತ್ತ ಹೋದರು, ಉಳಿದ ಅರ್ಧಕ್ಕೆ ತಪ್ಪಿಸಿದರು. ಐದನೆಯ ವರ್ಷಕ್ಕೆ ನೋಡಿದಾಗ ತಪ್ಪಿಸಿದವರಲ್ಲಿ ನೂರಕ್ಕೆ 17 ಮಕ್ಕಳಿಗೆ ಅಲರ್ಜಿ ಬಂದಿತ್ತು. ತಿಂದವರಲ್ಲಿ ನೂರಕ್ಕೆ 3 ಮಾತ್ರ. ತಪ್ಪಿಸುವುದೇ ರಕ್ಷಣೆ ಎಂದುಕೊಂಡಿದ್ದ ವೈದ್ಯರೇ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಚರ್ಮದಲ್ಲಿ ತೀವ್ರ ಇಸಬು ಇರುವ ಮಗುವಾದರೆ ವೈದ್ಯರನ್ನು ಕೇಳಿಯೇ ಆರಂಭಿಸಬೇಕು, ಪುಟ್ಟಿಗೆ ಅದಿಲ್ಲ. ಬಸವನಗುಡಿಯ ಮೊಮ್ಮಗಳು ಕಡಲೆಕಾಯಿ ಕಂಡರೆ ಹೆದರುವಂತಾಗಬಾರದು. ಹುರಿದು, ಸಿಪ್ಪೆ ತೆಗೆದು, ನೀರಿನೊಂದಿಗೆ ಗಂಧದಷ್ಟು ನುಣ್ಣಗೆ ಅರೆದು ಅರ್ಧ ಚಮಚವನ್ನು ರಾಗಿಯಲ್ಲಿ ಬೆರೆಸಿ, ಬೆಳಗಿನ ಹೊತ್ತು ಕೊಟ್ಟು ಎರಡು ಗಂಟೆ ಕಣ್ಣಿಟ್ಟು ಕಾದೆವು. ಏನೂ ಆಗಲಿಲ್ಲ. ಇಡೀ ಬೀಜವನ್ನಾಗಲಿ ತರಿಯನ್ನಾಗಲಿ ಕೊಡುವುದಿಲ್ಲ, ಗಂಟಲಿಗೆ ಸಿಕ್ಕುವ ಭಯ.

ನನ್ನ ಮೂರು ‘ಬೇಡ’ಗಳು ಉಳಿದಿವೆ. ಜೇನಿನದು ಎಲ್ಲಕ್ಕಿಂತ ಗಂಭೀರ. ಎಷ್ಟೇ ಶುದ್ಧವಾದ ಕೊಡಗಿನ ಜೇನಾದರೂ ಅದರಲ್ಲಿ ಬಾಟುಲಿಸಂ ರೋಗಾಣುವಿನ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯಲಾರವು. ವರ್ಷ ತುಂಬದ ಮಗುವಿನಲ್ಲಿ ಬೆಳೆದು, ವಿಷ ಹುಟ್ಟಿಸಿ, ಮೈಯ ಬಲವನ್ನೇ ಕಳೆಯಬಹುದು. ಮನೆಯ ಒಲೆಯಲ್ಲಿ ಕುದಿಸಿದರೂ ಅವು ಸಾಯುವುದಿಲ್ಲ. ನಾಮಕರಣದ ದಿನ ನೀವು ಜೇನಿನ ಬಟ್ಟಲು ತಂದಾಗ ಇವರು ತಡೆದದ್ದು ಇದಕ್ಕೇ; ಅಂದು ಬಂಧುಗಳ ಮುಂದೆ ವಿವರಿಸಲು ಆಗಲಿಲ್ಲ. ಬೆಲ್ಲ, ಕಲ್ಲುಸಕ್ಕರೆ, ಉಪ್ಪು ವರ್ಷ ತುಂಬುವವರೆಗೆ ಬೇಡ. ತುಪ್ಪ ಮಾತ್ರ ಧಾರಾಳವಾಗಿ ಹಾಕುತ್ತೇನೆ. ಹಸುವಿನ ಹಾಲನ್ನು ಕುಡಿಯಲು ಕೊಡುವುದೂ ವರ್ಷದ ನಂತರವೇ, ಸರಿ ಕಾಯಿಸುವಾಗ ಸ್ವಲ್ಪ ಬೆರೆಸಿದರೆ ಅಡ್ಡಿಯಿಲ್ಲ.

ಒಳಲೆಯ ವಿಷಯಕ್ಕೆ ನೀವು ನೊಂದುಕೊಂಡಿದ್ದೀರೆಂದು ತಿಳಿದೆ. ಇವರೂ ನಾದಿನಿಯೂ ಹಾಲು ಕುಡಿದ ಬೆಳ್ಳಿಯ ಒಳಲೆಯದು. ಆದರೆ ಕಾಲ ಮೇಲೆ ಮಲಗಿಸಿ, ಅಳುವ ಬಾಯಿಗೆ ಸರಿ ಎರೆದರೆ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಕುಳಿತು ಚಮಚದಿಂದ ತಿಂದರೆ ಸಾಕೆನಿಸಿದಾಗ ಬಾಯಿ ಮುಚ್ಚಿ ಮುಖ ತಿರುಗಿಸುವ ಅವಕಾಶ ಅವಳಿಗಿರುತ್ತದೆ. ಮೊದಲ ದಿನ ಎರಡು ಚಮಚ ತಿಂದು ಮುಖ ತಿರುಗಿಸಿದಳು, ನಾವು ಅಲ್ಲಿಗೇ ನಿಲ್ಲಿಸಿದೆವು. ಅಂದು ದೇವರ ಮುಂದೆ ಪರಮಾನ್ನದ ಬಟ್ಟಲಿಟ್ಟು, ನೀವು ಹೇಳಿದಂತೆ ನನ್ನ ಉಂಗುರದ ತುದಿಯನ್ನು ಅದರಲ್ಲಿ ಅದ್ದಿ ಅವಳ ತುಟಿಗೆ ಮುಟ್ಟಿಸಿದೆ. ಅಷ್ಟು ಬೆಲ್ಲಕ್ಕೆ ವೈದ್ಯೆಯೂ ಬೇಸರಪಟ್ಟುಕೊಳ್ಳಲಾರರು.

ನೀವು ಕಳುಹಿಸಿದ್ದ ಹಿಟ್ಟು ಇನ್ನು ಹತ್ತು ದಿನಕ್ಕೆ ಆಗುತ್ತದೆ. ಪಾರ್ಸೆಲಿನಲ್ಲಿ ತುಪ್ಪ ಇಡಬೇಡಿ. ಹಾಲಿನ ಪದಾರ್ಥಗಳನ್ನು ಗಡಿಯಲ್ಲೇ ತಡೆಯುತ್ತಾರೆ. ಅಷ್ಟರಲ್ಲಿ ನಾನೇ ಮಾಡಿ ನೋಡೋಣವೆಂದು ಭಾರತೀಯ ಅಂಗಡಿಯಿಂದ ರಾಗಿ ತಂದು, ರಾತ್ರಿಯಿಡೀ ನೆನೆಸಿ, ಬಿಳಿಯ ಪಂಚೆಯ ತುಂಡಿನಲ್ಲಿ ಕಟ್ಟಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದೇನೆ. ಹೊರಗೆ ಹಿಮ ಬೀಳುತ್ತಿದೆ. ಮೂರು ದಿನವಾದರೂ ಮೊಳಕೆಯ ಸುಳಿವಿಲ್ಲ, ಸ್ವಲ್ಪ ಹುಳಿ ವಾಸನೆ ಬರುತ್ತಿದೆ. ಇದನ್ನು ಎಸೆದು ಹೊಸದಾಗಿ ಕಟ್ಟಿ ಹೀಟರಿನ ಬಳಿ ಇಡಲೆ? ಧನುರ್ಮಾಸದ ಚಳಿಯಲ್ಲಿ ನೀವು ಗಂಟನ್ನು ಎಲ್ಲಿ ಇಡುತ್ತಿದ್ದಿರಿ, ಮೊಳಕೆ ಎಷ್ಟು ಉದ್ದ ಬಂದಾಗ ಬಿಚ್ಚಿ ಒಣಹಾಕುತ್ತಿದ್ದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಇಂತಿ ನಿಮ್ಮ ಆಶೀರ್ವಾದ ಬೇಡುವ
ಸೊಸೆ