ಹಾಸ್ಟೆಲ್ ಗೇಟಿಗೆ ಎರಡು ವೇಳೆ ಏಕೆ?

ಮಾನ್ಯ ಸಂಪಾದಕರೇ,

ದಾವಣಗೆರೆಯ ಜಯದೇವ ವೃತ್ತದಿಂದ ಉಪವಿಭಾಗಾಧಿಕಾರಿ ಕಚೇರಿಯವರೆಗೆ ಈಚೆಗೆ ವಿದ್ಯಾರ್ಥಿಗಳು ನಡೆಸಿದ ಸಮಾನ ಹಕ್ಕುಗಳ ಮೆರವಣಿಗೆಯ ಕುರಿತು ಇದೇ ಅಂಕಣದಲ್ಲಿ ಪ್ರಕಟವಾದ ಪತ್ರವೊಂದು, ಓದಬೇಕಾದ ಮಕ್ಕಳು ಬೀದಿಗಿಳಿದು ಪಿ.ಬಿ. ರಸ್ತೆಯ ಸಂಚಾರಕ್ಕೆ ಅಡ್ಡಿಪಡಿಸಿದರೆಂದು ಆಕ್ಷೇಪಿಸಿತ್ತು. ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದ ಸ್ನಾತಕೋತ್ತರ ವಿದ್ಯಾರ್ಥಿನಿಯರಲ್ಲಿ ನಾನೂ ಒಬ್ಬಳು. ವರದಿಗಳಲ್ಲಿ ನಮ್ಮ ಘೋಷಣೆಗಳು ಬಂದವೇ ಹೊರತು ಬೇಡಿಕೆ ಬರಲಿಲ್ಲವಾದ್ದರಿಂದ ಅದನ್ನು ಓದುಗರ ಮುಂದಿಡುತ್ತಿದ್ದೇನೆ.

ಬ್ಯಾನರಿನ ಅಕ್ಷರಗಳು ಎಷ್ಟೇ ದೊಡ್ಡದಿದ್ದರೂ ಮನವಿ ಪತ್ರದ ಮೊದಲ ಬೇಡಿಕೆ ಬಹಳ ಸಣ್ಣದು. ನಾವಿರುವ ವಿದ್ಯಾರ್ಥಿನಿಯರ ಹಾಸ್ಟೆಲ್ ಗೇಟ್ ಸಂಜೆ ಆರೂವರೆಗೆ ಮುಚ್ಚುತ್ತದೆ. ವಿದ್ಯಾರ್ಥಿಗಳ ಹಾಸ್ಟೆಲ್ ಗೇಟ್ ರಾತ್ರಿ ಒಂಬತ್ತೂವರೆಯವರೆಗೆ ತೆರೆದಿರುತ್ತದೆ. ಗ್ರಂಥಾಲಯದ ಬಾಗಿಲು ಹಾಕುವುದು ಎಂಟಕ್ಕೆ. ಹೀಗಾಗಿ ಲ್ಯಾಬ್ ಮುಗಿಸಿ ಅಲ್ಲಿ ಕುಳಿತು ಓದುವವರು, ಹೊರಗೆ ಕೊಡದ ಆಕರ ಗ್ರಂಥಗಳಿಂದ ಟಿಪ್ಪಣಿ ಮಾಡಿಕೊಳ್ಳುವವರು ಹುಡುಗರು ಮಾತ್ರ. ಕೆಎಎಸ್, ಕಾಲೇಜು ಅಧ್ಯಾಪಕರ ಅರ್ಹತೆಯ ಕೆ-ಸೆಟ್ ಪರೀಕ್ಷೆಗಳಿಗೆ ಸಂಜೆ ನಡೆಯುವ ಕೋಚಿಂಗ್ ತರಗತಿಗಳಿಗೆ ಹಾಸ್ಟೆಲಿನ ಹುಡುಗಿಯರು ಸೇರುವ ಮಾತೇ ಇಲ್ಲ. ಪಠ್ಯ, ಶುಲ್ಕ, ಪ್ರಶ್ನೆಪತ್ರಿಕೆ ಎಲ್ಲವೂ ಇಬ್ಬರಿಗೂ ಒಂದೇ ಆಗಿರುವಾಗ ಓದುವ ಅವಧಿಯಲ್ಲಿ ಮಾತ್ರ ದಿನಕ್ಕೆ ಮೂರು ಗಂಟೆಯ ವ್ಯತ್ಯಾಸ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ನಾನು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಕೊಡದೆ ಬೀದರಿಗೂ ಹೋಗಿಬರಬಹುದು, ಆದರೆ ಏಳು ಗಂಟೆಗೆ ಎದುರು ರಸ್ತೆಯ ಗ್ರಂಥಾಲಯಕ್ಕೆ ಹೋಗುವಂತಿಲ್ಲ.

ಲಿಂಗದ ಆಧಾರದಲ್ಲಿ ಸರ್ಕಾರ ತಾರತಮ್ಯ ಮಾಡುವುದನ್ನು ಸಂವಿಧಾನದ 15ನೇ ವಿಧಿ ನಿಷೇಧಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು, ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ರೂಪಿಸಿದ 2015ರ ನಿಯಮಾವಳಿ. ವಿದ್ಯಾರ್ಥಿನಿಯರ ಸುರಕ್ಷತೆಯ ಕಾರಣ ಮುಂದೊಡ್ಡಿ, ಹಾಸ್ಟೆಲುಗಳಲ್ಲಿ ಹುಡುಗರಿಗಿಲ್ಲದ ನಿರ್ಬಂಧಗಳನ್ನು ಅವರ ಮೇಲೆ ಹೇರಬಾರದೆಂದು ಅದು ನೇರವಾಗಿಯೇ ಹೇಳುತ್ತದೆ. ತ್ರಿಶೂರಿನ ಕಾಲೇಜೊಂದರ ಹಾಸ್ಟೆಲ್ ಪ್ರಕರಣದಲ್ಲಿ ಕೇರಳ ಹೈಕೋರ್ಟ್ 2019ರಲ್ಲಿ, ಆಡಳಿತ ಮಂಡಳಿ ತನ್ನ ನೈತಿಕ ನಿಲುವುಗಳನ್ನು ಹಾಸ್ಟೆಲಿನಲ್ಲಿರುವವರ ಮೇಲೆ ಹೇರುವಂತಿಲ್ಲವೆಂದು ಹೇಳಿತು. ಅಂದರೆ ನಾವು ಹೊಸದೇನನ್ನೂ ಕೇಳಿಲ್ಲ, ಇರುವ ನಿಯಮವನ್ನು ಪಾಲಿಸಿ ಎಂದಿದ್ದೇವೆ.

ಪೋಷಕರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಜಗಳೂರು, ಚನ್ನಗಿರಿ ಕಡೆಯ ಹಳ್ಳಿಗಳಿಂದ ಬಂದ ನನ್ನ ಗೆಳತಿಯರಲ್ಲಿ ಹಲವರು ಪದವಿಯ ನಂತರವೂ ಓದುತ್ತಿರುವುದಕ್ಕೆ ಈ ಹಾಸ್ಟೆಲ್ ಕಟ್ಟುನಿಟ್ಟಿನದು ಎಂಬ ಹೆಸರೇ ಕಾರಣ. ಗೇಟಿನ ವೇಳೆ ಸಡಿಲವಾದರೆ ಓದು ಸಾಕೆಂದು ಮನೆಯವರು ಊರಿಗೆ ಕರೆದುಕೊಂಡು ಹೋದಾರು ಎಂಬ ಭಯದಿಂದ ಕೆಲವರು ಮೆರವಣಿಗೆಗೇ ಬರಲಿಲ್ಲ. ಅವರ ಭಯ ಸುಳ್ಳಲ್ಲ. ಆದ್ದರಿಂದಲೇ ರಾತ್ರಿಯಿಡೀ ಗೇಟ್ ತೆರೆದಿಡಿ ಎಂದು ಮನವಿಯಲ್ಲಿ ಎಲ್ಲಿಯೂ ಬರೆದಿಲ್ಲ. ವೇಳೆ ಯಾವುದಾದರೂ ಇರಲಿ, ಎರಡೂ ಹಾಸ್ಟೆಲುಗಳಿಗೆ ಒಂದೇ ಇರಲಿ ಎಂದಷ್ಟೇ ಕೇಳಿದ್ದೇವೆ. ಆರೂವರೆಯ ನಂತರ ಹೊರಗೆ ಅಪಾಯವಿರುವುದು ನಿಜವಾದರೆ ಹುಡುಗರೂ ಆರೂವರೆಗೆ ಒಳಗಿರಲಿ. ಇದಕ್ಕೂ ಸಿದ್ಧ ಎಂದು ನಮ್ಮೊಂದಿಗೆ ನಡೆದ ಸಹಪಾಠಿಗಳೇ ಸಹಿ ಹಾಕಿದ್ದಾರೆ. ನಾಲ್ಕು ದಿನ ಹಾಗೆ ಒಳಗೆ ಕೂತ ಮೇಲೆ ಅವರ ಉತ್ಸಾಹ ಎಷ್ಟು ಉಳಿದೀತೋ ಹೇಳಲಾರೆ.

ವಾರ್ಡನ್ ಅವರ ಮೇಲೂ ನಮಗೆ ಸಿಟ್ಟಿಲ್ಲ. ಏನಾದರೂ ಅನಾಹುತವಾದರೆ ಮೊದಲ ನೋಟಿಸ್ ಅವರಿಗೇ ಬರುವುದರಿಂದ, ಬೇಗ ಬೀಗ ಹಾಕುವುದು ಅವರಿಗೆ ಸುಲಭದ ದಾರಿಯಾಗಿದೆ. ಹಾಸ್ಟೆಲಿಗೂ ಗ್ರಂಥಾಲಯಕ್ಕೂ ನಡುವಿನ ರಸ್ತೆಯಲ್ಲಿ ಕೆಟ್ಟಿರುವ ದೀಪಗಳನ್ನು ಸರಿಪಡಿಸಿ, ಎಂಟು ಗಂಟೆಯವರೆಗೆ ಒಬ್ಬ ಮಹಿಳಾ ಭದ್ರತಾ ಸಿಬ್ಬಂದಿಯನ್ನು ನೇಮಿಸಿದರೆ ಅವರ ಹೊಣೆಯೂ ಹಗುರಾಗುತ್ತದೆ. ಇದು ಎರಡನೇ ಬೇಡಿಕೆ. ಜಾತಿ ತಾರತಮ್ಯದ ದೂರುಗಳನ್ನು ಆಲಿಸಲು ಅಧಿಕಾರಿಯೊಬ್ಬರು ಇರಬೇಕೆಂದು ಯುಜಿಸಿ 2012ರಲ್ಲಿಯೇ ನಿಯಮ ಮಾಡಿದ್ದು, ಆ ಅಧಿಕಾರಿ ಯಾರೆಂಬುದನ್ನು ಸೂಚನಾ ಫಲಕದಲ್ಲಿ ಪ್ರಕಟಿಸಬೇಕೆಂಬುದು ಮೂರನೆಯದು.

ಇನ್ನು ಸಂಚಾರದ ವಿಷಯ. ಗಾಂಧಿ ವೃತ್ತದಲ್ಲಿ ವಾಹನಗಳು ಸ್ವಲ್ಪ ಹೊತ್ತು ನಿಂತದ್ದು ನಿಜ, ಅದಕ್ಕೆ ವಿಷಾದವಿದೆ. ಆದರೆ ನಿರಾಯುಧರಾಗಿ ಶಾಂತಿಯುತವಾಗಿ ಸೇರುವ ಹಕ್ಕನ್ನು 19ನೇ ವಿಧಿ ನೀಡಿದೆ. ನಾವು ಪೊಲೀಸರ ಅನುಮತಿ ಪಡೆದು, ಅವರು ಸೂಚಿಸಿದ ಮಾರ್ಗದಲ್ಲಿಯೇ ರಸ್ತೆಯ ಒಂದು ಬದಿಯಲ್ಲಿ ಸಾಗಿದ್ದೆವು. ಗಣೇಶ ವಿಸರ್ಜನೆಯ ಡಿಜೆ ಮೆರವಣಿಗೆಗಳಿಗೆ ಗಂಟೆಗಟ್ಟಲೆ ದಾರಿ ಬಿಡುವ ನಮ್ಮ ಊರಿಗೆ ಇಷ್ಟು ಹೊತ್ತು ಕಾಯುವುದು ಭಾರವೆಂದು ನನಗನಿಸುವುದಿಲ್ಲ. ಬೀದಿಗಿಳಿಯುವ ಮುನ್ನ ಇದೇ ಬೇಡಿಕೆಗಳನ್ನು ಬರೆದು ಕಚೇರಿಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡಿದ್ದೆವು. ಅದಕ್ಕೆ ಉತ್ತರ ಬಂದಿದ್ದರೆ ಮೆರವಣಿಗೆಯ ಅಗತ್ಯವೇ ಬೀಳುತ್ತಿರಲಿಲ್ಲ.

ಮನವಿ ಸ್ವೀಕರಿಸಿದ ಅಧಿಕಾರಿಗಳು ಪರಿಶೀಲಿಸುವ ಭರವಸೆ ನೀಡಿದ್ದಾರೆ. ಮುಂದಿನ ಸೆಮಿಸ್ಟರ್ ಆರಂಭವಾಗುವ ಮೊದಲು ಪೋಷಕರು, ವಾರ್ಡನ್‌ಗಳು ಮತ್ತು ಎರಡೂ ಹಾಸ್ಟೆಲುಗಳ ಪ್ರತಿನಿಧಿಗಳ ಸಭೆ ಕರೆದು, ಗೇಟಿನ ವೇಳೆಯನ್ನು ಲಿಖಿತ ಆದೇಶದಲ್ಲಿ ತಿಳಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಅವರನ್ನು ಕೋರುತ್ತೇನೆ.

ಸ್ನಾತಕೋತ್ತರ ವಿದ್ಯಾರ್ಥಿನಿ,
ದಾವಣಗೆರೆ